ಎಫ್‌ಎನ್‌ಪಿ ಆದ ಮೇಲೆ ಸೈಕಿಯಾಟ್ರಿಗೆ: ನಾನು ಮಾಡಿದ ಪೋಸ್ಟ್-ಮಾಸ್ಟರ್ಸ್ ಸರ್ಟಿಫಿಕೇಟ್ ಹೇಗಿತ್ತು

ಮಂಗಳೂರು ಕಡೆಯಿಂದ ಅಮೆರಿಕಕ್ಕೆ ಬಂದು ಇಲ್ಲೇ ನರ್ಸಿಂಗ್ ಮಾಸ್ಟರ್ಸ್ ಮುಗಿಸಿದ ಹುಡುಗಿಯರು ಆಗಾಗ ಕೇಳುತ್ತಾರೆ, "ಅಕ್ಕ, ನೀವು ಮಾಡಿದ ಆ ಕೋರ್ಸ್ ಸೇರಬಹುದಾ?" ಅಂತ. ಅವರಿಗಾಗಿ ಇದು.

ನಾನು ಟೆಕ್ಸಸ್‌ನಲ್ಲಿ ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್ (ಎಫ್‌ಎನ್‌ಪಿ), ಅಂದರೆ ಹೆಚ್ಚಿನ ಓದು ಮುಗಿಸಿ ರೋಗಿಗಳನ್ನು ತಾನೇ ನೋಡಿ ಔಷಧ ಬರೆಯುವ ನರ್ಸ್. ಬಿಪಿ, ಶುಗರ್ ಎಂದು ಬರುವವರಲ್ಲಿ ಎಷ್ಟೋ ಮಂದಿಗೆ ನಿದ್ದೆ ಇಲ್ಲ, ಎದೆಯಲ್ಲಿ ಭಯ. ಮನೋವೈದ್ಯರಿಗೆ ಬರೆದುಕೊಟ್ಟರೆ ಅಪಾಯಿಂಟ್‌ಮೆಂಟ್ ಸಿಗುವುದು ತಿಂಗಳುಗಟ್ಟಲೆ ಕಾದ ಮೇಲೆ. ಅದಕ್ಕೇ ಮನಸ್ಸಿನ ಕಾಯಿಲೆ ನೋಡುವ ನರ್ಸ್ ಪ್ರಾಕ್ಟೀಷನರ್ ಆಗಲು ಸೈಕಿಯಾಟ್ರಿಕ್ ಮೆಂಟಲ್ ಹೆಲ್ತ್ ಎನ್‌ಪಿ ಸರ್ಟಿಫಿಕೇಟ್‌ಗೆ ಸೇರಿದೆ. ಪಾಠ ಆನ್‌ಲೈನ್, ಕ್ಲಿನಿಕಲ್ (ರೋಗಿಗಳ ಜೊತೆಗಿನ ತರಬೇತಿ) ನಾವಿರುವ ಊರಲ್ಲೇ.

ಇಲ್ಲಿ ಹೊಸ ಡಿಗ್ರಿ ಏನೂ ಸಿಗುವುದಿಲ್ಲ. ಸೇರುವಾಗ ನಮ್ಮ ಹಳೆಯ ಟ್ರಾನ್ಸ್‌ಕ್ರಿಪ್ಟ್ (ಅಂಕಪಟ್ಟಿ) ತರಿಸಿಕೊಂಡು ಗ್ಯಾಪ್ ಅನಾಲಿಸಿಸ್ ಮಾಡುತ್ತಾರೆ, ಅಂದರೆ ಯಾವುದು ಓದಿ ಆಗಿದೆ, ಯಾವುದು ಬಾಕಿ ಎಂದು ಪಟ್ಟಿ ಮಾಡುತ್ತಾರೆ. ಅಡ್ವಾನ್ಸ್ಡ್ ಪ್ಯಾಥೊಫಿಸಿಯಾಲಜಿ, ಫಾರ್ಮಕಾಲಜಿ, ಹೆಲ್ತ್ ಅಸೆಸ್‌ಮೆಂಟ್ ಈ ಮೂರನ್ನೂ ಮಾಸ್ಟರ್ಸ್‌ನಲ್ಲೇ ಓದಿದ್ದರಿಂದ ನನಗೆ ಮತ್ತೆ ಓದುವ ಕೆಲಸ ಬರಲಿಲ್ಲ. ಆದರೆ ಕ್ಲಿನಿಕಲ್ ಗಂಟೆಗಳ ವಿಷಯ ಬೇರೆ. ನರ್ಸ್‌ಗಳಿಗೆ ಸ್ಪೆಷಾಲಿಟಿ ಸರ್ಟಿಫಿಕೇಶನ್ ಕೊಡುವ ಎಎನ್‌ಸಿಸಿ ಎಂಬ ಸಂಸ್ಥೆಯ ಪರೀಕ್ಷೆಗೆ ಕೂರಲು ಸೈಕಿಯಾಟ್ರಿಯಲ್ಲೇ ಕನಿಷ್ಠ 500 ಗಂಟೆ ಬೇಕು. ಎಫ್‌ಎನ್‌ಪಿ ಆಗುವಾಗ ಮಾಡಿದ ಗಂಟೆಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಕೆಲಸದ ಜೊತೆಗೇ ಇದನ್ನು ಹೊಂದಿಸಿಕೊಳ್ಳಬೇಕು, ಮನೆಯವರ ಸಹಕಾರ ಇಲ್ಲದೆ ಆಗುವ ಮಾತಲ್ಲ.

ಪಾಠದ ಗುಣಮಟ್ಟಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂನ ಪಾಠವನ್ನೇ ತೆಗೆದುಕೊಳ್ಳಿ. ಕೊನೆಯ ಡೋಸ್ ಆಗಿ ಸುಮಾರು 12 ಗಂಟೆಗೆ ರಕ್ತ ತೆಗೆದು ಲೆವೆಲ್ ನೋಡಬೇಕು, ಕಿಡ್ನಿ, ಥೈರಾಯ್ಡ್ ಮೇಲೂ ಕಣ್ಣಿಟ್ಟಿರಬೇಕು. ಮಂಡಿ ನೋವಿಗೆ ಐಬುಪ್ರೊಫೇನ್, ಬಿಪಿಗೆ ಲಿಸಿನೊಪ್ರಿಲ್ ಫ್ಯಾಮಿಲಿ ಕ್ಲಿನಿಕ್‌ನಲ್ಲಿ ದಿನಾ ಬರೆಯುವ ಮಾತ್ರೆಗಳು. ಎರಡೂ ಲಿಥಿಯಂ ಲೆವೆಲ್ ಏರಿಸುತ್ತವೆ. ದೇಹದ ಕಾಯಿಲೆ ಬಲ್ಲ ನರ್ಸ್ ಸೈಕಿಯಾಟ್ರಿಗೆ ಬಂದರೆ ರೋಗಿಗೆ ಎಷ್ಟು ಲಾಭ ಎಂದು ನನಗೆ ಮನದಟ್ಟಾದದ್ದು ಅಲ್ಲಿ.

ಇನ್ನು ಏಮ್ಸ್ (AIMS) ಎಂಬ, ರೋಗಿಗೆ ಮಾಡುವ ತಪಾಸಣೆ. ಆಂಟಿಸೈಕೋಟಿಕ್ (ಸ್ಕಿಜೋಫ್ರೇನಿಯಾದಂಥ ಕಾಯಿಲೆಯ ಔಷಧ) ತೆಗೆದುಕೊಳ್ಳುವವರಲ್ಲಿ ತಮಗೇ ಗೊತ್ತಿಲ್ಲದೆ ನಾಲಿಗೆ, ತುಟಿ, ಬೆರಳು ಆಡುತ್ತಿವೆಯೇ ಎಂದು ನೋಡುವುದು. ಬಾಯಲ್ಲಿ ಚ್ಯೂಯಿಂಗ್ ಗಮ್ ಇದ್ದರೆ ಮೊದಲು ತೆಗೆಸಬೇಕು. ಆಮೇಲೆ ಹೆಬ್ಬೆರಳಿಗೆ ಒಂದೊಂದೇ ಬೆರಳನ್ನು ಬೇಗ ಬೇಗ ತಟ್ಟಿ ಎನ್ನಬೇಕು, ಬಲಗೈ ಆದ ಮೇಲೆ ಎಡಗೈ. ಆ ಹೊತ್ತಿನಲ್ಲಿ ನಮ್ಮ ಕಣ್ಣು ಮುಖ ಮತ್ತು ಕಾಲಿನ ಮೇಲಿರಬೇಕು. ನಮ್ಮ ಮೇಡಂ ಇದನ್ನು ವಿಡಿಯೋದಲ್ಲಿ ಮಾಡಿಸಿ, ನಿಲ್ಲಿಸಿ ನಿಲ್ಲಿಸಿ ತಿದ್ದಿದರು. ಪುಸ್ತಕ ಓದಿ ಬರುವ ವಿದ್ಯೆ ಅಲ್ಲ ಅದು. ಮಾತಿನ ಚಿಕಿತ್ಸೆಯನ್ನೂ ಅಷ್ಟೇ ಕಟ್ಟುನಿಟ್ಟಾಗಿ ಕಲಿಸಿದರು, ಕನಿಷ್ಠ ಎರಡು ಪದ್ಧತಿಗಳಲ್ಲಿ ತರಬೇತಿ ಆಗಿರಲೇಬೇಕು.

ನನ್ನ ದೊಡ್ಡ ತಕರಾರು ಪ್ರಿಸೆಪ್ಟರ್ ವಿಷಯದಲ್ಲಿ. ಕ್ಲಿನಿಕಲ್‌ಗೆ ನಮ್ಮನ್ನು ಜೊತೆಗಿಟ್ಟುಕೊಂಡು ಕಲಿಸುವವರನ್ನು ನಾವೇ ಹುಡುಕಿಕೊಳ್ಳಬೇಕಾಯಿತು. ಕಂಡವರಿಗೆಲ್ಲ ಇಮೇಲ್, ಫೋನ್. ಕೆಲವರು ಉತ್ತರವನ್ನೇ ಕೊಡಲಿಲ್ಲ, ಕೆಲವರು ದುಡ್ಡು ಕೇಳಿದರು. ಫೀಸು ತೆಗೆದುಕೊಂಡ ಕಾಲೇಜು ಹೆಸರುಗಳ ಒಂದು ಹಳೇ ಪಟ್ಟಿ ಕಳಿಸಿ ಸುಮ್ಮನಾಯಿತು. ಇದು ತಪ್ಪು ಎಂದೇ ನನ್ನ ಅಭಿಪ್ರಾಯ. ರೋಗಿಯ ಮುಂದೆ ಕೂತು ಕಲಿಯುವುದೇ ಈ ಕೋರ್ಸಿನ ಜೀವ, ಅದರ ಹೊಣೆಯನ್ನು ವಿದ್ಯಾರ್ಥಿಯ ತಲೆಗೆ ಕಟ್ಟಬಾರದು. ನನ್ನ ಜೊತೆಗಿದ್ದ ಒಬ್ಬಳು ಇದೇ ಕಾರಣಕ್ಕೆ ಒಂದು ಸೆಮಿಸ್ಟರ್ ಸುಮ್ಮನೆ ಕಳೆದುಕೊಂಡಳು.

ಹಾಗಾಗಿ ದುಡ್ಡು ಕಟ್ಟುವ ಮೊದಲೇ ಗ್ಯಾಪ್ ಅನಾಲಿಸಿಸ್ ಕೈಗೆ ಬರಲಿ, ಪ್ರಿಸೆಪ್ಟರ್ ಯಾರು ಹುಡುಕುತ್ತಾರೆ ಎಂಬುದು ಬರಹದಲ್ಲಿರಲಿ. ಕೋರ್ಸಿಗೆ ನರ್ಸಿಂಗ್ ಶಿಕ್ಷಣವನ್ನು ಪರಿಶೀಲಿಸುವ ಸಿಸಿಎನ್‌ಇ ಅಥವಾ ಎಸಿಇಎನ್ ಸಂಸ್ಥೆಯ ಮಾನ್ಯತೆ ಇದೆಯೇ, ನೀವಿರುವ ರಾಜ್ಯದಲ್ಲಿ ಕ್ಲಿನಿಕಲ್ ಮಾಡಿಸಲು ಆ ಕಾಲೇಜಿಗೆ ಅನುಮತಿ ಇದೆಯೇ ನೋಡಿ. ಪಾಸಾದ ಮೇಲೆ ಟೆಕ್ಸಸ್‌ನಲ್ಲಿ ಹೊಸ ಸ್ಪೆಷಾಲಿಟಿಗೆ ನರ್ಸಿಂಗ್ ಬೋರ್ಡ್‌ಗೆ ಮತ್ತೆ ಅರ್ಜಿ ಹಾಕಬೇಕು. ಔಷಧ ಬರೆಯಲು ಡಾಕ್ಟರ ಜೊತೆ ಒಪ್ಪಂದವೂ ಬೇಕು.

ಪ್ರಿಸೆಪ್ಟರ್ ಸಿಗುವ ಭರವಸೆ ಇದ್ದರೆ ಕಣ್ಣುಮುಚ್ಚಿ ಸೇರಿ ಎನ್ನುತ್ತೇನೆ. ಅನಸ್ತೇಷಿಯಾ (ಅರಿವಳಿಕೆ) ಕೊಡುವ ನರ್ಸ್ ಆಗುವ ಮನಸ್ಸಿರುವವರಿಗೆ ಮಾತ್ರ ಈ ಸರ್ಟಿಫಿಕೇಟ್ ದಾರಿ ಇಲ್ಲ. 2022ರಿಂದ ಅದಕ್ಕೆ ಹೊಸದಾಗಿ ಸೇರುವವರು ಡಾಕ್ಟರೇಟ್ ಕೋರ್ಸನ್ನೇ ಮಾಡಬೇಕು.