ಗಾಳಿಪಟ್ಟಿ ಇಲ್ಲದ ಬಿಪಿ ವಾಚುಗಳು ಮತ್ತು ರಟ್ಟೆಯ ಯಂತ್ರ: ಬಳಸಿ ನೋಡಿದ ಹೋಲಿಕೆ

ರಾಯಚೂರಿನ ನಮ್ಮ ಮನೆಯಲ್ಲಿ ಅಮ್ಮ ಹಲವು ವರ್ಷಗಳಿಂದ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ರಟ್ಟೆಗೆ ಪಟ್ಟಿ ಸುತ್ತಿ ಗಾಳಿ ತುಂಬುವ ಯಂತ್ರ, ಅಗ್ಗದ ಸ್ಮಾರ್ಟ್ ಬ್ಯಾಂಡ್, ಕ್ಯಾಲಿಬ್ರೇಷನ್ (ರಟ್ಟೆಯ ಯಂತ್ರದ ಅಂಕಿಗೆ ಹೊಂದಿಸುವುದು) ಮಾಡಿದ ಮೇಲಷ್ಟೇ ಅಂಕಿ ತೋರಿಸುವ ದುಬಾರಿ ವಾಚು, ಈ ಮೂರನ್ನೂ ಒಂದು ಬೇಸಿಗೆಯುದ್ದಕ್ಕೂ ಅವರ ಮೇಲೂ ನನ್ನ ಮೇಲೂ ಬಳಸಿ ನೋಡಿದ್ದೇನೆ.

ಅಗ್ಗದ ಬ್ಯಾಂಡಿನ ವಿಚಾರ ಬೇಗ ಮುಗಿಯುತ್ತದೆ. ರಟ್ಟೆಯ ಯಂತ್ರ ಅಮ್ಮನಿಗೆ 152/94 ತೋರಿಸಿದ ಬೆಳಿಗ್ಗೆಯೂ ಅದು 120ರ ಆಸುಪಾಸಿನಲ್ಲೇ ಇತ್ತು. ಆ್ಯಪ್‌ನಲ್ಲಿ ಅವರ ವಯಸ್ಸನ್ನು 64ರಿಂದ 25ಕ್ಕೆ ಬದಲಿಸಿದೆ. ಅದೇ ಕೈ, ಅದೇ ಕುರ್ಚಿ, ಆದರೆ ಅಂಕಿ ಇನ್ನೂ ಕೆಳಗಿಳಿಯಿತು. ವಯಸ್ಸು ಕೇಳಿ ಬಿಪಿ ಹೇಳುವ ಸಾಧನವನ್ನು ನಂಬಿ ಯಾರಾದರೂ ಮಾತ್ರೆ ಬಿಟ್ಟರೆ ಗತಿಯೇನು ಎಂಬ ಭಯ ನನಗೆ ಈಗಲೂ ಇದೆ.

ದುಬಾರಿ ವಾಚು ಅಷ್ಟು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಅದು ಚರ್ಮದೊಳಕ್ಕೆ ಹಸಿರು ಬೆಳಕು ಹಾಯಿಸಿ, ಪ್ರತಿ ಬಡಿತಕ್ಕೂ ಸಣ್ಣ ರಕ್ತನಾಳಗಳಲ್ಲಿ ಏರಿಳಿಯುವ ರಕ್ತದ ಪ್ರಮಾಣವನ್ನು ಅಲೆಯಾಗಿ ಗುರುತಿಸುತ್ತದೆ. ಆ ಅಲೆಯ ಆಕಾರದಿಂದ ಒತ್ತಡವನ್ನು ಅಂದಾಜಿಸುತ್ತದೆಯೇ ಹೊರತು ಒತ್ತಡವನ್ನು ನೇರವಾಗಿ ಅಳೆಯುವುದಿಲ್ಲ. ಹಾಗಾಗಿಯೇ 28 ದಿನಗಳಿಗೊಮ್ಮೆ ರಟ್ಟೆಯ ಯಂತ್ರದ ಅಂಕಿಗಳನ್ನು ಅದಕ್ಕೆ ಉಣಿಸಬೇಕು. ಮೊದಲ ದಿನಗಳಲ್ಲಿ ಎರಡರ ನಡುವಿನ ಅಂತರ ಬಹಳ ಕಡಿಮೆಯಿದ್ದುದರಿಂದ ನನಗೂ ಸಂತೋಷವಾಗಿತ್ತು. ಅಷ್ಟರಲ್ಲಿ ವೈದ್ಯರು ಅಮ್ಮನ ಮಾತ್ರೆಯ ಪ್ರಮಾಣ ಹೆಚ್ಚಿಸಿದರು. ರಟ್ಟೆಯ ಯಂತ್ರದಲ್ಲಿ ಮೇಲಿನ ಅಂಕಿ ದಿನದಿಂದ ದಿನಕ್ಕೆ ಇಳಿದು 130ರ ಹತ್ತಿರ ನಿಂತಿತು. ವಾಚು ಮಾತ್ರ 148, 146 ಎನ್ನುತ್ತಲೇ ಇತ್ತು. ಮತ್ತೆ ಕ್ಯಾಲಿಬ್ರೇಷನ್ ಮಾಡಿದ ಕ್ಷಣದಲ್ಲಿ ಅದೂ 130ಕ್ಕೆ ಬಂತು. ಔಷಧ ಕೆಲಸ ಮಾಡಿದ ಆ ಬದಲಾವಣೆಯನ್ನೇ ಅದು ಕಾಣಲಿಲ್ಲ, ನಮಗೆ ಬೇಕಾಗಿದ್ದದ್ದು ಅದೊಂದೇ.

ನಮ್ಮ ಬಿಸಿಲೂ ಇದಕ್ಕೆ ಹೊಂದುವುದಿಲ್ಲ. ಸೆಕೆಗೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಅಲೆಯ ಆಕಾರ ಬದಲಾಗುತ್ತದೆ. ತೀನ್ ಕಂದೀಲ್ ಪೇಟೆಯಿಂದ ಮಧ್ಯಾಹ್ನ ಬೆವರಿ ಬಂದ ಅಮ್ಮನ ಕೈಯಲ್ಲಿ ವಾಚು ಹಲವು ಸಲ ಅಂಕಿಯನ್ನೇ ಕೊಡಲಿಲ್ಲ.

ರಟ್ಟೆಯ ಯಂತ್ರ ಕಿರಿಕಿರಿಯದೇ. ಅದು ನಾಡಿಯ ಹರಿವು ನಿಲ್ಲುವಷ್ಟು ಬಿಗಿದು, ಮೆಲ್ಲಗೆ ಗಾಳಿ ಬಿಡುತ್ತಾ ಪಟ್ಟಿಯಲ್ಲಿ ಏಳುವ ಮಿಡಿತವನ್ನು ಗುರುತಿಸುತ್ತದೆ. ಹಾಗೆ ಬಿಗಿಯುವಾಗ ರಟ್ಟೆ ನೋಯುತ್ತದೆಂದು ಅಮ್ಮ ದಿನವೂ ಹೇಳುತ್ತಾರೆ. ಜೊತೆಗೆ ಬಂದ ಪಟ್ಟಿ ಅವರ ದಪ್ಪ ತೋಳಿಗೆ ಚಿಕ್ಕದಾಗಿತ್ತು, ಚಿಕ್ಕ ಪಟ್ಟಿ ಇರುವುದಕ್ಕಿಂತ ಹೆಚ್ಚು ತೋರಿಸುವುದರಿಂದ ದೊಡ್ಡದನ್ನು ಬೇರೆ ಕೊಳ್ಳಬೇಕಾಯಿತು. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ, ತೋಳನ್ನು ಎದೆಯ ಮಟ್ಟದಲ್ಲಿಟ್ಟು, ಮಾತಾಡದೆ ಅಳೆಯಬೇಕು. ತೋಳು 10 ಸೆಂಟಿಮೀಟರ್ ಕೆಳಗಿಳಿದರೂ ಅಂಕಿ ಸುಮಾರು 7ರಿಂದ 8 ಏರುತ್ತದೆ. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ ಮನೆಗಳಲ್ಲಿ ಈ ಶಿಸ್ತು ತರುವುದೇ ದೊಡ್ಡ ಕೆಲಸ. ಇಷ್ಟೆಲ್ಲ ಇದ್ದರೂ ವೈದ್ಯರು ನೋಡಲು ಕೇಳುವುದು ಇದರ ಅಂಕಿಗಳನ್ನೇ. ಮನೆಯಲ್ಲಿ ಅಳೆದಾಗ ಸರಾಸರಿ 135/85 ದಾಟಿದರೆ ರಕ್ತದೊತ್ತಡ ಹೆಚ್ಚೆಂದು ಲೆಕ್ಕ ಹಿಡಿಯುವುದೂ ಇಂಥ ಯಂತ್ರಗಳ ಅಳತೆಯಿಂದಲೇ. ಗಾಳಿಪಟ್ಟಿ ಇಲ್ಲದ ಸಾಧನಗಳನ್ನು ರೋಗನಿರ್ಣಯಕ್ಕಾಗಲಿ ಚಿಕಿತ್ಸೆಯ ತೀರ್ಮಾನಕ್ಕಾಗಲಿ ಬಳಸಬಾರದೆಂದು ಯುರೋಪಿನ ರಕ್ತದೊತ್ತಡ ತಜ್ಞರ ಸಂಘ 2022ರಲ್ಲಿ ಹೇಳಿದ್ದರ ಅರ್ಥ ಅಮ್ಮನ ಅಂಕಿಗಳನ್ನು ನೋಡಿದ ಮೇಲೆ ನನಗೆ ಚೆನ್ನಾಗಿ ಮನದಟ್ಟಾಯಿತು.

ಆದರೂ ರಾತ್ರಿಯ ಒತ್ತಡ ತಿಳಿಯಲು ಪಟ್ಟಿಯ ಯಂತ್ರ ಒಳ್ಳೆಯ ಉಪಾಯವಲ್ಲ, ಬಿಗಿದಾಗಲೆಲ್ಲ ನಿದ್ದೆ ಕೆಡುತ್ತದೆ. ಅಲ್ಲಿ ವಾಚಿನಂಥ ಸಾಧನವೇ ಬೇಕು, ಅದಕ್ಕಾಗಿ ನಾನು ಆಸೆಯಿಂದ ಕಾಯುತ್ತಿದ್ದೇನೆ. ಅಂಥದ್ದನ್ನು ಕೊಳ್ಳುವಾಗ ಅಂಗಡಿಯವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಕ್ಯಾಲಿಬ್ರೇಷನ್ ಆದ ಮೇಲೆ ಒತ್ತಡ ನಿಜವಾಗಿ ಬದಲಾದರೆ, ಅದನ್ನು ಈ ವಾಚು ತಾನಾಗಿ ಹಿಡಿಯುತ್ತದೆಂದು ಪರೀಕ್ಷೆಯಲ್ಲಿ ತೋರಿಸಿದ್ದಾರೆಯೇ?