ಅಜ್ಜನ ಸೇನಾ ದಾಖಲೆ: ಯಾವ ಕಚೇರಿಯ ಬಾಗಿಲು ತಟ್ಟಬೇಕು?

ಪುಣೆ, ಮುಂಬೈಗಳಲ್ಲಿ ನೆಲೆಸಿದ ಎಷ್ಟೋ ಕನ್ನಡ ಮನೆಗಳಲ್ಲಿ ಫೌಜಿನಲ್ಲಿದ್ದ ಅಜ್ಜನ ನೆನಪು ಉಳಿದಿದೆ, ಕಾಗದಪತ್ರ ಮಾತ್ರ ಉಳಿದಿಲ್ಲ.

ಅಜ್ಜ 1947ರ ನಂತರವೂ ಸೇವೆಯಲ್ಲಿದ್ದರೆ ರೆಜಿಮೆಂಟಿನ ರೆಕಾರ್ಡ್ಸ್ ಕಚೇರಿಯೇ ನೇರವಾದ ದಾರಿ. ಮರಾಠಾ ಲೈಟ್ ಇನ್‌ಫೆಂಟ್ರಿಯವರು ಬೆಳಗಾವಿಗೆ ಬರೆಯಬೇಕು. ಸೇನೆಯ ಎಂಜಿನಿಯರಿಂಗ್ ದಳವಾದ ಬಾಂಬೆ ಸ್ಯಾಪರ್ಸ್‌ನವರ ಕಚೇರಿ ಪುಣೆಯ ಖಡ್ಕಿಯಲ್ಲೇ ಇದೆ. ಸಂಬಂಧದ ಪುರಾವೆಯೊಡನೆ ಪತ್ರ ಬರೆಯಬಹುದು, ಇಲ್ಲವೇ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಬಹುದು. ಅದಕ್ಕೆ 30 ದಿನಗಳೊಳಗೆ ಉತ್ತರ ಬರಬೇಕೆಂಬುದು ಕಾನೂನು. ಆದರೆ ಪಿಂಚಣಿಯಿಲ್ಲದೆ ಬಿಡುಗಡೆಯಾದವರ ಸೇವಾ ಕಡತವನ್ನು ಇಡುವುದು 25 ವರ್ಷ ಮಾತ್ರ ಎಂಬ ನಿಯಮವಿರುವುದರಿಂದ, ಅಂಥವರ ವಿಷಯದಲ್ಲಿ ಹೆಚ್ಚು ನಿರೀಕ್ಷೆ ಬೇಡ.

ಮಹಾಯುದ್ಧದಲ್ಲಿ ಮಡಿದವರಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಉಚಿತ ಆನ್‌ಲೈನ್ ಪಟ್ಟಿಯನ್ನೇ ಮೊದಲು ನೋಡಿ. ಅದು 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ, ಮತ್ತೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ತೀರಿಕೊಂಡವರದು. ಬದುಕಿ ಮನೆಗೆ ಮರಳಿದ ಅಜ್ಜ ಅಲ್ಲಿ ಸಿಗುವುದಿಲ್ಲ, ಅದು ಸಂತೋಷದ ಸಂಗತಿಯೇ!

ಸರ್ಕಾರದ ಹಳೆಯ ದಾಖಲೆಗಳನ್ನು ಕಾಪಾಡುವ ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ಅಭಿಲೇಖ ಪಟಲ್ ಜಾಲತಾಣವನ್ನು ಮನೆಯಿಂದಲೇ ಜಾಲಾಡಬಹುದಾದರೂ, ಒಬ್ಬ ಸಾಮಾನ್ಯ ಸಿಪಾಯಿಯ ಹೆಸರಿಗಿಂತ ಅವನಿದ್ದ ದಳದ ಕಥೆ ಅಲ್ಲಿ ಸಿಗುವ ಸಂಭವ ಹೆಚ್ಚು.

ಯಾವುದನ್ನೇ ಆರಿಸಿದರೂ ಸೇವಾ ಸಂಖ್ಯೆ ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ಟ್ರಂಕಿನ ತಳದಲ್ಲಿರುವ ಪದಕವನ್ನು ತೆಗೆದು, ಮುಖವನ್ನಲ್ಲ, ಅದರ ಅಂಚನ್ನು ಬೆಳಕಿಗೆ ಹಿಡಿಯಿರಿ: ಆ ಕಾಲದ ಪದಕಗಳ ಅಂಚಿನಲ್ಲಿ ಸಂಖ್ಯೆ, ಹುದ್ದೆ, ಹೆಸರು, ದಳ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವುದುಂಟು.