ಹೈವೇಗೂ ತೋಟದ ಕೆಸರಿಗೂ ಒಂದೇ ಗಾಡಿ: ಎಕ್ಸ್‌ಪಲ್ಸ್ 200 4ವಿ, ಮೂರು ಮಳೆಗಾಲ ಆದ್ಮೇಲೆ

ವಾರದಲ್ಲಿ ಐದು ದಿನ ಹಾಸನದಲ್ಲಿ ಕೆಲಸ, ಶನಿವಾರ ಬೆಳಗ್ಗೆ ಸಕಲೇಶಪುರ ದಾಟಿ ಹೆತ್ತೂರು ಕಡೆ ನಮ್ಮ ತೋಟಕ್ಕೆ ಹೋಗ್ಲೇಬೇಕು. ಸಕಲೇಶಪುರದ ತನಕ ಹತ್ತಿರ ಹತ್ತಿರ 40 ಕಿಲೋಮೀಟರ್ ಹೈವೇ, ಆಮೇಲೆ ತಿರುವು ತಿರುವಿನ ರೋಡು, ಕೊನೇ ಎರಡು ಕಿಲೋಮೀಟರ್ ಜೀಪು ಹತ್ತೋ ಮಣ್ಣು ದಾರಿ. ರೋಡಿಗೊಂದು ತೋಟಕ್ಕೊಂದು ಅಂತ ಎರಡು ಗಾಡಿ ಇಟ್ಕೊಳ್ಳೋ ತಾಕತ್ತಿಲ್ಲ, ಒಂದರಲ್ಲೇ ಎರಡೂ ಆಗ್ಬೇಕಿತ್ತು, ಅದಕ್ಕೆ ಹೀರೋ ಎಕ್ಸ್‌ಪಲ್ಸ್ 200 4ವಿ ಬೈಕ್ ತಗೊಂಡೆ. 2021ರ ಅಕ್ಟೋಬರಲ್ಲಿ ಇದು ಬಂದಾಗ ಶೋರೂಂ ಬೆಲೆ 1.28 ಲಕ್ಷ. ಆ ದುಡ್ಡಿಗೆ ಮುಂದೆ 21 ಇಂಚು ಹಿಂದೆ 18 ಇಂಚು ಸ್ಪೋಕ್ ಚಕ್ರ ಇರೋ ಗಾಡಿ ನನಗೆ ಇನ್ನೊಂದು ಕಾಣ್ಲಿಲ್ಲ.

ನೋಡೋಕೆ ಬರೋರೆಲ್ಲ ಮೊದ್ಲು ಕೇಳೋದು ಸಿಸಿ ಎಷ್ಟು, ಪವರ್ ಎಷ್ಟು ಅಂತ. ನಮ್ಮ ದಾರಿಲಿ ಪವರ್‌ಗಿಂತ ಜಾಸ್ತಿ ಕೆಲಸಕ್ಕೆ ಬರೋದು ಆ ಮುಂದಿನ ದೊಡ್ಡ ಚಕ್ರ, 220 ಎಂಎಂ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿ ಹೊಟ್ಟೆಗೂ ನಡುವಿನ ಜಾಗ), ಮತ್ತೆ ತೂಕ. ಇದು 158 ಕೆಜಿ. ನಾನು ಅದಕ್ಕೂ ಮುಂಚೆ ನೋಡಿದ್ದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಒಳ್ಳೇ ಗಾಡಿನೇ, ಆದ್ರೆ 199 ಕೆಜಿ, ಒಬ್ಬನೇ ಇದ್ದಾಗ ಕೆಸರಲ್ಲಿ ಮಲಗಿದ್ರೆ ಎತ್ತೋನು ಯಾರು? ಇದು ಎಷ್ಟೋ ಸಲ ಮಲಗಿದೆ, ಹ್ಯಾಂಡಲ್ ಪೂರ್ತಿ ತಿರುಗ್ಸಿ ಬೆನ್ನು ಕೊಟ್ಟು ಒಬ್ಬನೇ ಎತ್ತಿದ್ದೀನಿ.

ಜುಲೈನಲ್ಲಿ ನಮ್ಮ ತೋಟದ ಕೊನೇ ಏರು ನೋಡ್ಬೇಕು ನೀವು. ನಡುವೆ ನೀರು ಹರಿದು ಕೊರಕಲು ಬಿದ್ದಿರುತ್ತೆ, ಎರಡೂ ಕಡೆ ಕಲ್ಲು ಮೇಲೆದ್ದಿರುತ್ತೆ, ಮೇಲಿಂದ ಸಿಲ್ವರ್ ಓಕ್ ಮರದ ಎಲೆ ಉದುರಿ ಕೊಳೆತು ಸೋಪಿನ ತರ ಜಾರುತ್ತೆ. ಮುಂಚೆ ಇದ್ದ 150 ಸಿಸಿ ಗಾಡಿನ ಕೆಳಗೇ ನಿಲ್ಲಿಸಿ ನಡ್ಕೊಂಡು ಹತ್ತುತ್ತಿದ್ದೆ, ಅದರ 17 ಇಂಚಿನ ಚಕ್ರ ಕಲ್ಲಿಗೆ ಹೋಗಿ ಗುದ್ದೋದು, ಇದು ಅದೇ ಕಲ್ಲಿನ ಮೇಲೆ ಹತ್ತಿ ಇಳಿಯುತ್ತೆ. ಫಸ್ಟ್ ಗೇರ್ ಹಾಕಿ, ಫುಟ್‌ರೆಸ್ಟ್ ಮೇಲೆ ಎದ್ದು ನಿಂತು, ಮಂಡಿಯಿಂದ ಟ್ಯಾಂಕ್ ಹಿಡ್ಕೊಂಡು, ಆಕ್ಸಿಲರೇಟರ್ ಒಂದೇ ಸಮ ಇಟ್ರೆ ಸಾಕು, ನಡುವೆ ಹೆದರಿ ಆಫ್ ಮಾಡಿದ್ರೆ ಅಲ್ಲೇ ನಿಂತೋಗುತ್ತೆ ಆಮೇಲೆ ಹಿಂದಕ್ಕೆ ಜಾರುತ್ತೆ. ಇಳಿಯುವಾಗ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯೋ ವ್ಯವಸ್ಥೆ) ಮುಂದಿನ ಚಕ್ರಕ್ಕೆ ಮಾತ್ರ ಇರೋದು ನನಗೆ ಅನುಕೂಲನೇ ಆಗಿದೆ, ಹಿಂದಿನ ಬ್ರೇಕ್ ಸ್ವಲ್ಪ ಲಾಕ್ ಆಗೋ ಹಾಗೆ ಒತ್ಕೊಂಡು ಮೆಲ್ಲಗೆ ಇಳೀಬಹುದು. 2023ರ ಮಾಡೆಲಲ್ಲಿ ರೋಡ್, ಆಫ್‌ರೋಡ್, ರ್‍ಯಾಲಿ ಅಂತ ಮೂರು ಎಬಿಎಸ್ ಮೋಡ್ ಬಂತು, ಹೊಸಬರಿಗೆ ಅದೇ ವಾಸಿ.

ಇದರ ಜೊತೆ ಕಲಿತ್ಕೊಳ್ಳಲೇಬೇಕಾದ ವಿದ್ಯೆ ಅಂದ್ರೆ ಟೈರಿನ ಗಾಳಿ. ಗೇಟ್ ಹತ್ರ ನಿಲ್ಲಿಸಿ 20 ಪಿಎಸ್‌ಐಗೆ ಇಳಿಸ್ತೀನಿ, ಟೈರ್ ಅಗಲ ಆಗಿ ಹಿಡಿತ ಸಿಗುತ್ತೆ. ಇನ್ನೂ ಕಮ್ಮಿ ಮಾಡ್ಬೇಡಿ, ಇದರಲ್ಲಿರೋದು ಟ್ಯೂಬ್, ರಿಮ್ ಮೇಲೆ ಟೈರ್ ಜಾರಿದ್ರೆ ಟ್ಯೂಬನ್ನೂ ಎಳ್ಕೊಂಡು ಹೋಗುತ್ತೆ, ವಾಲ್ವ್ ಬುಡದಲ್ಲೇ ಕಿತ್ತು ಬರುತ್ತೆ. ವಾಪಸ್ ಹೈವೇಗೆ ಬಂದಾಗ ಮರೀದೆ ಪಂಪ್ ಮಾಡಿ ಕಂಪನಿ ಹೇಳಿದಷ್ಟಕ್ಕೆ ತರ್ಬೇಕು.

ಟ್ಯೂಬ್ ಅಂದ್ಮೇಲೆ ಪಂಚರ್ ಮಾತು ಹೇಳ್ಲೇಬೇಕು. ಕಳೆದ ವರ್ಷ ಬೇಲಿ ಹಾಕುವಾಗ ಬಿದ್ದಿದ್ದ ಮೊಳೆ ಹಿಂದಿನ ಚಕ್ರಕ್ಕೆ ಹೊಕ್ತು, ಸಂಜೆ ಐದೂವರೆ, ಮಳೆ ಬೇರೆ. ಗಾಡಿಗೆ ಸೆಂಟರ್ ಸ್ಟ್ಯಾಂಡ್ ಇಲ್ಲ, ಇಂಜಿನ್ ಕೆಳಗಿನ ಪ್ಲೇಟಿಗೆ ಒಂದು ಸಿಲ್ವರ್ ಮರದ ತುಂಡು ಕೊಟ್ಟು ಹಿಂದಿನ ಚಕ್ರ ಎತ್ತಿದ್ದು, ನಮ್ಮ ತೋಟದ ಲೆಕ್ಕ-ಕೆಲಸ ನೋಡ್ಕೊಳ್ಳೋ ರೈಟರ್ ಟಾರ್ಚ್ ಹಿಡಿದಿದ್ರು. ನನ್ನ ಹತ್ರ ಇದ್ದಿದ್ದು 21 ಇಂಚಿನ ಟ್ಯೂಬ್ ಮಾತ್ರ, ಅದನ್ನೇ 18ರ ಟೈರಿಗೆ ಮಡಿಕೆ ಬೀಳದ ಹಾಗೆ ಕೂರಿಸಿ ಹಾಸನ ಸೇರಿದೆ. ಅರ್ಜೆಂಟಿಗೆ ಅದು ನಡಿಯುತ್ತೆ, ಅದಕ್ಕೇ ಒಂದೇ ಟ್ಯೂಬ್ ಇಡೋದಾದ್ರೆ 21ರದ್ದೇ ಇಡಿ, ಹಳ್ಳಿ ಪಂಚರ್ ಅಂಗಡಿಲಿ ಆ ಸೈಜು ಕೇಳಿದ್ರೆ ಇಲ್ಲ ಅಂತಾರೆ. ಟೈರ್ ಬಿಚ್ಚೋ ಎರಡು ಲಿವರ್, ಕೈಪಂಪು, ಆಕ್ಸಲ್ ಸ್ಪ್ಯಾನರ್ ಕೂಡ ಬ್ಯಾಗಲ್ಲಿರ್ಲಿ.

ರೋಡಿನ ವಿಷ್ಯಕ್ಕೆ ಬರ್ತೀನಿ. 199.6 ಸಿಸಿ, 5 ಗೇರು, 19 ಪಿಎಸ್ ಚಿಲ್ರೆ ಪವರ್, ಇದನ್ನ ಇಟ್ಕೊಂಡು ಹೈವೇಲಿ ಕಾರುಗಳ ಹಿಂದೆ ಬೀಳೋಕೆ ಹೋಗ್ಬೇಡಿ. ಎಪ್ಪತ್ತೈದು ಎಂಬತ್ತರಲ್ಲಿ ನೆಮ್ಮದಿಯಾಗಿ ಹೋಗುತ್ತೆ, ಗಾಡಿ ಎತ್ತರ ಇರೋದ್ರಿಂದ ಅದಕ್ಕಿಂತ ಮೇಲೆ ಗಾಳಿ ಎದೆಗೇ ಬಡಿಯುತ್ತೆ. ಬೆಂಗಳೂರಿಗೆ ಆಗಾಗ ಹೋಗ್ತೀನಿ, ನಾಲ್ಕು ಗಂಟೆ ಇಟ್ಕೊಂಡು ಎರಡು ಕಡೆ ಕಾಫಿಗೆ ನಿಲ್ಲಿಸ್ತೀನಿ. ಸೀಟು ಸಣ್ಣ, ಎದ್ದು ನಿಂತು ಓಡ್ಸೋಕೆ ಹಾಗೇ ಇರ್ಬೇಕು. ಸಿಟಿ ಗುಂಡಿಗಳ ಮೇಲಂತೂ ರಾಜನೇ. ನನಗೆ ಮೈಲೇಜು 38ರಿಂದ 40, ಟ್ಯಾಂಕ್ 13 ಲೀಟರು. ಸೀಟ್ ಎತ್ತರ 825 ಎಂಎಂ, ಐದಡಿ ಆರಿಂಚಿನ ನನಗೆ ಎರಡೂ ಕಾಲಿನ ಬೆರಳಷ್ಟೇ ನೆಲಕ್ಕೆ ತಾಗುತ್ತೆ, ಅಭ್ಯಾಸ ಆಯ್ತು. ಅಮ್ಮ ಮಾತ್ರ ಜಗಲಿ ಮೇಲೆ ನಿಂತ್ಕೊಂಡೇ ಹತ್ತೋದು, ಕೂತ್ಮೇಲೆ ಸೊಂಟಕ್ಕೆ ಏಟೇ ಬೀಳಲ್ಲ ಕಣೋ ಅಂತಾರೆ, ಅಷ್ಟು ಮೆತ್ತಗಿದೆ ಸಸ್ಪೆನ್ಷನ್.

ಟ್ರೈಲ್ ಅಂದ ತಕ್ಷಣ ರಿಸರ್ವ್ ಫಾರೆಸ್ಟ್ ಒಳಗೆ ನುಗ್ಗೋರನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ, ದಯವಿಟ್ಟು ಬೇಡ. ಹಳ್ಳಿಯಿಂದ ಹಳ್ಳಿಗೆ ಹೋಗೋ ಮಣ್ಣು ರೋಡುಗಳೇ ಈ ಗಾಡಿಗೆ ಬೇಕಾದಷ್ಟಿವೆ.

ಈಗ ಎಕ್ಸ್‌ಪಲ್ಸ್ 210 ಬಂದಿರೋದ್ರಿಂದ 200 4ವಿ ಸೆಕೆಂಡ್ ಹ್ಯಾಂಡಲ್ಲಿ ನೋಡೋರಿದ್ರೆ, ಮೀಟರ್ ನೋಡೋಕೆ ಮುಂಚೆ ಸ್ಪೋಕ್ ಒಂದೊಂದೇ ಬೆರಳಲ್ಲಿ ಮೀಟಿ, ಸಡಿಲ ಇದ್ದಿದ್ದು ದಪ್ಪ್ ಅನ್ನುತ್ತೆ. ಚಕ್ರ ತಿರುಗ್ಸಿ ರಿಮ್ಮಲ್ಲಿ ತಗ್ಗಿದೆಯಾ ನೋಡಿ. ಆಮೇಲೆ ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ಮೆಲ್ಲಗೆ ಆ ಕಡೆ ಈ ಕಡೆ ಆಡಿಸಿ, ನಡುವಲ್ಲಿ ಕಚ್ಚಿದ ಹಾಗಾದ್ರೆ ಕೋನ್‌ಸೆಟ್ (ಹ್ಯಾಂಡಲ್ ತಿರುಗೋ ಬೇರಿಂಗ್) ಹೋಗಿದೆ, ಅದರ ದುಡ್ಡು ಕಳೆದು ರೇಟ್ ಮಾತಾಡಿ.